ಇಟ್ಟಮಡುವಿನ ಯಲ್ಲಮ್ಮ ನೀರು ಹಾಕುವುದನ್ನು ಬಿಟ್ಟದ್ದು

ಹನುಮಂತನಗರ, ಜಯನಗರದ ಕಡೆ ಯಾರ ಮನೆಯಲ್ಲಾದರೂ ಹೆರಿಗೆಯಾಯಿತೆಂದರೆ, ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಇಟ್ಟಮಡುವಿಗೆ ಹೇಳಿಕಳುಹಿಸುತ್ತಿದ್ದ ಕಾಲವೊಂದಿತ್ತು. ಹೇಳಿಕಳುಹಿಸುತ್ತಿದ್ದದ್ದು ಯಲ್ಲಮ್ಮನಿಗೆ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಮೀಯಿಸುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ತಾಯಿಯ ಸೊಂಟಕ್ಕೆ ಹಳೆ ಸೀರೆ ಬಿಗಿಯಾಗಿ ಸುತ್ತುವುದು, ಇಷ್ಟು ಅವಳ ಕಸುಬು. ಬಿಸಿನೀರಿನ ಜೊತೆ ಬೈಗುಳವನ್ನೂ ಧಾರಾಳವಾಗಿಯೇ ಸುರಿಯುತ್ತಿದ್ದಳು. ಸುಡುತ್ತದೆ ಎಂದು ಯಾವ ಬಾಣಂತಿಯಾದರೂ ಕೊಸರಿಕೊಂಡರೆ, ಮಗು ಹೆತ್ತೋಳಿಗೆ ಇದೊಂದು ಬಿಸಿನೇನವ್ವ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೂ ಎರಡನೇ ಹೆರಿಗೆಗೂ ಅದೇ ಬಾಣಂತಿಯರು ಅವಳನ್ನೇ ಕೇಳುತ್ತಿದ್ದರು. ದೊಡ್ಡ ದೊಡ್ಡ ಮನೆಯ ಹೆಂಗಸರು ಅವಳ ಕೈಗುಣವನ್ನು ಹೊಗಳಿದಾಗ ಅವಳಿಗೆ ಒಳಗೊಳಗೇ ಜಂಭವಾಗುತ್ತಿತ್ತು. ಇದ್ದರೇನು ತಪ್ಪು, ಬೇರೆ ಯಾವ ಆಸ್ತಿಯೂ ಅವಳಿಗಿರಲಿಲ್ಲ.

ಗಂಡ ದಾಸಪ್ಪನದು ಬಾವಿ ತೋಡುವ ಮನೆತನ. ಬನಶಂಕರಿಯ ಸುತ್ತ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮನೆಗಳಾಗಿ, ಮನೆಗಳಿಗೆಲ್ಲ ನಲ್ಲಿ ಬಂದ ಮೇಲೆ ಬಾವಿ ಯಾರಿಗೆ ಬೇಕು? ಬೇಕೆಂದವರೂ ಬೋರ್‌ವೆಲ್ ಲಾರಿಯನ್ನು ಕರೆಸತೊಡಗಿದರು. ದಾಸಪ್ಪ ಕೈ ಕಟ್ಟಿ ಕೂತಿದ್ದ ದಿನಗಳಲ್ಲಿ ಕಂಟ್ರಾಕ್ಟರನ ಕಡೆಯ ಒಬ್ಬ ಬಂದು, ಕರಾವಳಿಯಲ್ಲಿ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ, ಆಳಕ್ಕೆ ಇಳಿದು ಅಗೆಯುವ ಆಳುಗಳು ಬೇಕು ಎಂದ. ದಾಸಪ್ಪ ಹೋದ.

ಅಲ್ಲಿನ ಕೆಲಸ ಬಾವಿ ಕೆಲಸದ ಹಾಗೇ ಕಂಡರೂ ಬೇರೆಯದಾಗಿತ್ತು. ಹೊಳೆಯ ನಡುವೆ ದೊಡ್ಡದೊಂದು ಕೊಳವೆಯನ್ನು ನಿಲ್ಲಿಸಿ, ಅದರ ತಳದ ಕೋಣೆಗೆ ಯಂತ್ರದಿಂದ ಗಾಳಿ ಒತ್ತಿ ತುಂಬುತ್ತಿದ್ದರು. ಆ ಗಾಳಿಯ ಒತ್ತಡಕ್ಕೆ ನೀರು ಒಳಗೆ ನುಗ್ಗದೆ ಹೊರಗೇ ನಿಲ್ಲುತ್ತಿತ್ತು. ಆಳುಗಳು ಒಳಗೆ ಕೂತು ಕೆಸರು, ಕಲ್ಲು ಅಗೆದು ಮೇಲಕ್ಕೆ ಕಳುಹಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಸೀದಾ ಹೊರಗೆ ಬರುವ ಹಾಗಿಲ್ಲ. ಒಂದು ಕಬ್ಬಿಣದ ಕೋಣೆಯಲ್ಲಿ ಕೂರಿಸಿ ಒತ್ತಡವನ್ನು ನಿಧಾನಕ್ಕೆ ಇಳಿಸಿ, ಆಮೇಲೆ ಬಾಗಿಲು ತೆಗೆಯುತ್ತಿದ್ದರು. ನಡುನಡುವೆ ಊರಿಗೆ ಬಂದಾಗ ದಾಸಪ್ಪ ಇಷ್ಟನ್ನು ಹೆಂಡತಿಗೆ ಹೇಳಿದ್ದ. ಇದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಎಪ್ಪತ್ನಾಲ್ಕರ ದೀಪಾವಳಿಗೆ ಬರುತ್ತೇನೆಂದು ಹೇಳಿಕಳುಹಿಸಿದ. ಯಲ್ಲಮ್ಮ ಹಿಂದಿನ ಸಂಜೆಯೇ ಹಂಡೆ ತೊಳೆದು ನೀರು ತುಂಬಿದಳು. ಅವನು ಮಧ್ಯಾಹ್ನದ ಪಾಳಿ ಮುಗಿಸಿ, ಹಾಗೇ ಬಸ್ಸು ಹಿಡಿದು, ರಾತ್ರಿಯೆಲ್ಲ ಘಾಟಿ ಹತ್ತಿ ಬೆಳಗಿನ ಜಾವಕ್ಕೆ ಮನೆ ಸೇರಿದ. ಮುಖ ಸೊರಗಿತ್ತು. ಘಾಟಿಯಲ್ಲೇ ಮಂಡಿ ನೋವು ಶುರುವಾಯಿತು, ಬಸ್ಸಿನಲ್ಲಿ ಕಾಲು ಮಡಚಿ ಕೂತದ್ದಕ್ಕೆ ಇರಬೇಕು ಎಂದ. ಯಲ್ಲಮ್ಮ ನಕ್ಕಳು. ಅವಳಿಗೆ ಗೊತ್ತಿದ್ದ ಎಲ್ಲ ನೋವಿಗೂ ಅವಳ ಬಳಿ ಒಂದೇ ಮದ್ದಿತ್ತು. ಗಂಡನನ್ನು ಬಚ್ಚಲ ಮಣೆಯ ಮೇಲೆ ಕೂರಿಸಿ, ಬಿಸಿ ಮಾಡಿದ ಹರಳೆಣ್ಣೆಯನ್ನು ಮಂಡಿಗೆ, ತೊಡೆಗೆ, ಬೆನ್ನಿಗೆ ಹಚ್ಚಿ ಬಲವಾಗಿ ತಿಕ್ಕಿದಳು. ಮೇಲೆ ಹೊಗೆಯಾಡುವ ನೀರು ಹೊಯ್ದಳು. ಅವನು ಕಣ್ಣು ಮುಚ್ಚಿಕೊಂಡು ಸುಖವಾಗಿ ಕೂತಿದ್ದ. ಏಳು ಅಂದಾಗ ಏಳಲಿಲ್ಲ. ಕಾಲು ತನ್ನದಲ್ಲ ಅನ್ನಿಸ್ತಿದೆ ಎಂದ. ಹಂಡೆಯ ಕಂಠ ಹಿಡಿದು ಎದ್ದು ನಿಲ್ಲಲು ಹೋಗಿ ಅಲ್ಲೇ ಕುಸಿದ.

ಬೀದಿಯಲ್ಲಿ ಪಟಾಕಿ ಸದ್ದು, ಮನೆಯಲ್ಲಿ ಅಳು. ಆಸ್ಪತ್ರೆಯವರು ಲಕ್ವ ಎಂದರು. ಯಾವ ಕೆಲಸ ಮಾಡುತ್ತೀಯ ಎಂದು ಕೇಳಿದ್ದಕ್ಕೆ ದಾಸಪ್ಪ, ಕೂಲಿ, ಅಂದ. ಮಣ್ಣು ಕೆಲಸ, ಅಂದ. ಸೂಜಿ, ಮಾತ್ರೆ, ಹಾಸಿಗೆ ಎಲ್ಲ ಆಗಿ ಸಂಕ್ರಾಂತಿಯ ಹೊತ್ತಿಗೆ ಬಲಗಾಲಿಗೆ ತ್ರಾಣ ಬಂತು. ಎಡಗಾಲು ಮಾತ್ರ ನೆಲ ಬಿಡಲಿಲ್ಲ. ಅಂದಿನಿಂದ ಕೋಲು ಹಿಡಿದ.

ಅತ್ತೆ ಸಪ್ಪಲಮ್ಮನ ತೀರ್ಮಾನ ಆಸ್ಪತ್ರೆಯವರಿಗಿಂತ ಮೊದಲೇ ಆಗಿತ್ತು. "ನಡ್ಕೊಂಡು ಬಂದ ಮಗ. ಬಚ್ಚಲಿಂದ ಹೊತ್ಕೊಂಡು ತರೋ ಹಂಗ್ ಮಾಡಿದ್ಲು. ಉಜ್ಜಿ ಉಜ್ಜಿ ನರ ಎಳ್ದುಬಿಟ್ಲು," ಎಂದು ನೀರಿಗೆ ಬಂದವರಿಗೆಲ್ಲ ಹೇಳಿದಳು. ಮುದುಕಿ ಸುಳ್ಳಿ ಅಲ್ಲ, ಕಂಡದ್ದನ್ನೇ ಹೇಳಿದಳು. ಆದರೆ ಮಗನ ಸಂಕಟಕ್ಕೆ ಯಾರನ್ನಾದರೂ ಹೊಣೆ ಮಾಡಲೇಬೇಕೆಂದು ಹೊರಟ ತಾಯಿಗೆ ಸೊಸೆಗಿಂತ ಹತ್ತಿರದಲ್ಲಿ ಯಾರು ಸಿಗುತ್ತಾರೆ? ಮಾತು ಕತ್ರಿಗುಪ್ಪೆ ದಾಟಿತು, ಹನುಮಂತನಗರ ಮುಟ್ಟಿತು. ಕರೆಗಳು ನಿಂತವು. ಕರೆದ ಒಂದೆರಡು ಮನೆಗೂ ಯಲ್ಲಮ್ಮ ಹೋಗಲಿಲ್ಲ. ಕೂಸಿನ ಬೆನ್ನ ಮೇಲೆ ಕೈಯಿಡುವ ಯೋಚನೆ ಬಂದರೂ ಸಾಕು, ಗಂಡನ ಬೆನ್ನು ನೆನಪಾಗಿ ಬೆರಳು ಸೆಟೆದುಕೊಳ್ಳುತ್ತಿದ್ದವು. ತನ್ನ ಕೈಯನ್ನು ತಾನೇ ನಂಬದಿದ್ದ ಮೇಲೆ ಇನ್ನೊಬ್ಬರು ನಂಬಲಿ ಎಂದು ಹೇಗೆ ಕೇಳುವುದು?

ಅಲ್ಲಿಂದ ಅವಳು ನೀರು ಹಾಕಿದ್ದು ಗೋಡೆಗಳಿಗೆ. ಬನಶಂಕರಿಯಲ್ಲಿ ಒಂದರ ಪಕ್ಕ ಒಂದು ಮನೆ ಏಳುತ್ತಿದ್ದವು. ಹೊಸ ಗೋಡೆ, ಹೊಸ ತಾರಸಿ ಒಣಗಿ ಬಿರುಕು ಬಿಡದಂತೆ ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕು. ಗೋಡೆ ಸುಡುತ್ತದೆ ಎನ್ನುವುದಿಲ್ಲ, ಕುಸಿದು ಬಿದ್ದರೂ ಅದು ಮೇಸ್ತ್ರಿಯ ತಪ್ಪು. ಕೊಡ ಹೊತ್ತು ಏಣಿ ಹತ್ತಿ ಇಳಿದು ಅವಳ ಸೊಂಟ ಹೋಯಿತು. ಸಂಜೆ ಮನೆಗೆ ಬಂದು ಗಂಡನ ಕಾಲು ಒತ್ತಬೇಕು, ಅವನನ್ನು ಹಿತ್ತಲಿಗೆ ನಡೆಸಿಕೊಂಡು ಹೋಗಬೇಕು, ಅತ್ತೆಯ ಮಾತು ಕೇಳಿಸಿಕೊಳ್ಳಬೇಕು. ಅತ್ತೆ ಎಂಬತ್ತನೇ ಇಸವಿಯಲ್ಲಿ ತೀರಿಕೊಂಡಳು. ಮಾತು ತೀರಲಿಲ್ಲ. ಇಷ್ಟೂ ಕಾಲ ದಾಸಪ್ಪ ಹೆಂಡತಿಯನ್ನು ಒಂದು ಸಲವೂ ಬೈಯಲಿಲ್ಲ. ಅವನ ಸುಮ್ಮನಿರುವಿಕೆಯನ್ನು ಯಲ್ಲಮ್ಮ ದೊಡ್ಡ ಮನಸ್ಸು ಎಂದುಕೊಂಡಿದ್ದಳು. ಅದಕ್ಕಾಗಿ ಅವನ ಮುಂದೆ ಇನ್ನಷ್ಟು ಕುಗ್ಗುತ್ತಿದ್ದಳು.

ಎಂಬತ್ತೈದರಲ್ಲಿ ಒಬ್ಬಳೇ ಮಗಳು ಮುನಿಲಕ್ಷ್ಮಿ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಳು. ಬಿಡಲು ಬಂದ ಬೀಗಿತ್ತಿ ಅಂಕಮ್ಮ ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಮುಖಕ್ಕೆ ಹೊಡೆದಂತೆ ಹೇಳಿದಳು. "ನೀರು ಹಾಕಕ್ಕೆ ಬೇರೆಯೋರ್ನ ಗೊತ್ತು ಮಾಡ್ಬಿಡಿ. ಬೇಜಾರು ಮಾಡ್ಕೋಬೇಡಿ, ನಮ್ಗೂ ಭಯ ಇರ್ತದಲ್ವಾ."

"ಆಗ್ಲಿ ಬುಡಿ," ಎಂದಳು ಯಲ್ಲಮ್ಮ.

ಅಂಕಮ್ಮ ಹೋದ ಮೇಲೆ ಮುನಿಲಕ್ಷ್ಮಿ ತಾಯಿಯ ಮೇಲೆ ಸಿಟ್ಟಾದಳು. "ಊರೋರ್ಗೆಲ್ಲ ನೀರು ಹಾಕಿರೋಳು ನೀನು. ನಂಗೆ ಇನ್ಯಾರೋ ಹಾಕ್ಬೇಕಾ? ನೀನೇ ಹಾಕ್ಬೇಕು. ಇಲ್ಲಾಂದ್ರೆ ನಾನು ಆಸ್ಪತ್ರೆಯಿಂದ ಸೀದಾ ಅತ್ತೆ ಮನೇಗೇ ಹೋಯ್ತೀನಿ, ನೋಡ್ಕೋ."

ಯಲ್ಲಮ್ಮನಿಗೆ ಅನ್ನ ಸೇರದಾಯಿತು. ಹಾಕುವುದಿಲ್ಲ ಎಂದರೆ ಮಗಳು ಮುನಿದು ಹೊರಟುಹೋಗುತ್ತಾಳೆ. ಹಾಕಿ, ಎಲ್ಲಾದರೂ ಆ ಹಸಿ ಮೈಗೆ ಗಂಡನಿಗಾದದ್ದೇ ಆದರೆ? ಅವಳಿಗೆ ಬೇಕಾಗಿದ್ದುದು ಒಂದೇ ಉತ್ತರ: ಆವತ್ತು ಅದು ತನ್ನ ಕೈಯಿಂದ ಆಯಿತೋ ಇಲ್ಲವೋ. ಅದನ್ನು ಯಾರನ್ನು ಕೇಳಬೇಕೆಂದೇ ತಿಳಿದಿರಲಿಲ್ಲ.

ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಸೀತಾಲಕ್ಷ್ಮಿ ಸಿಕ್ಕದ್ದು ಆ ವಾರವೇ. ಹಿಂದೆ ಸೀತಾಲಕ್ಷ್ಮಿಯ ಮಗಳ ಬಾಣಂತನಕ್ಕೆ ಯಲ್ಲಮ್ಮನೇ ನೀರು ಹಾಕಿದ್ದಳು. "ಏನೇ ಯಲ್ಲಮ್ಮ, ಒಂದೇ ಸಲ ಮಾಯ ಆಗ್ಬಿಟ್ಟೆ?" ಎಂದು ಆಕೆ ಕೇಳಿದ್ದೇ ತಡ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಯಲ್ಲಮ್ಮ ಸೊಪ್ಪಿನ ರಾಶಿಯ ಮುಂದೆ ನಿಂತು ಹೇಳಿಬಿಟ್ಟಳು. ಹೊಳೆ, ಕೊಳವೆ, ಒತ್ತಿದ ಗಾಳಿ ಎಂದಾಗ ಸೀತಾಲಕ್ಷ್ಮಿ ತಡೆದರು. "ತಡಿ. ನಮ್ಮನೆಯವರು ಏರ್‌ಫೋರ್ಸಲ್ಲಿ ಡಾಕ್ಟರಾಗಿದ್ರು. ವಿಮಾನದೋರಿಗೂ ಇಂಥದ್ದೇ ಏನೋ ಆಗುತ್ತೆ ಅಂತಿರ್ತಾರೆ. ರಿಟೈರಾಗಿ ಮನೇಲೇ ಇದ್ದಾರೆ. ಕರ್ಕೊಂಡು ಬಾ ನಿನ್ನ ಗಂಡನ್ನ."

ದಾಸಪ್ಪ ಒಲ್ಲೆ ಎಂದ. ಈಗ ಯಾಕೆ, ಕಾಲೇನು ಬರುತ್ತದಾ ಎಂದ. ಯಲ್ಲಮ್ಮ ಕೇಳಲಿಲ್ಲ. ಅವನ ಕೈಗೆ ಕೋಲು ಕೊಟ್ಟು, ಬಸ್ಸು ಹತ್ತಿಸಿ ಕರೆದುಕೊಂಡು ಹೋದಳು.

ಡಾಕ್ಟರ್ ರಾಮಪ್ರಸಾದರು ದಾಸಪ್ಪನನ್ನು ಬೆಂಚಿನ ಮೇಲೆ ಮಲಗಿಸಿ, ಮಂಡಿಗೆ ಸುತ್ತಿಗೆಯಿಂದ ತಟ್ಟಿ, ಅಂಗಾಲಿಗೆ ಗೀರಿ, ಸಾವಕಾಶವಾಗಿ ನೋಡಿದರು. ಎಷ್ಟು ಆಳ, ಎಷ್ಟು ಹೊತ್ತಿನ ಪಾಳಿ, ಕಬ್ಬಿಣದ ಕೋಣೆಯಲ್ಲಿ ಎಷ್ಟು ಹೊತ್ತು ಕೂರಿಸಿದರು ಎಂದೆಲ್ಲ ಕೇಳಿದರು. ಹಬ್ಬಕ್ಕೆ ಎಲ್ಲರಿಗೂ ಬಸ್ಸು ಹಿಡಿಯುವ ಅವಸರವಿತ್ತು, ಅರ್ಧಕ್ಕರ್ಧ ಹೊತ್ತಿನಲ್ಲೇ ಬಿಡಿಸಿಕೊಂಡು ಬಂದೆವು ಎಂದ ದಾಸಪ್ಪ. ಯಲ್ಲಮ್ಮ ಇದನ್ನು ಮೊದಲ ಸಲ ಕೇಳುತ್ತಿದ್ದಳು.

"ಇದು ಲಕ್ವ ಅಲ್ಲಮ್ಮ," ಎಂದು ಡಾಕ್ಟರು ಯಲ್ಲಮ್ಮನ ಕಡೆ ತಿರುಗಿದರು. "ಒತ್ತಡದಲ್ಲಿ ಉಸಿರಾಡಿದಾಗ ಗಾಳಿ ರಕ್ತದಲ್ಲಿ, ಮೈಯಲ್ಲಿ ಕರಗುತ್ತೆ. ನಿಧಾನಕ್ಕೆ ಹೊರಗೆ ಬಂದ್ರೆ ಉಸಿರಿನ ಜೊತೆ ಹೋಗ್ಬಿಡುತ್ತೆ. ಅವಸರಕ್ಕೆ ಬಂದ್ರೆ ಒಳಗೇ ಗುಳ್ಳೆ ಏಳುತ್ತೆ. ಅದರ ಮೇಲೆ ಇವರು ಅದೇ ರಾತ್ರಿ ಘಾಟಿ ಹತ್ತಿದ್ದಾರೆ. ಮೇಲೆ ಬಂದ ಹಾಗೆಲ್ಲ ಹೊರಗಿನ ಒತ್ತಡ ಇನ್ನೂ ಕಮ್ಮಿ, ಗುಳ್ಳೆ ಇನ್ನೂ ದೊಡ್ಡದು."

"ಆ ಗುಳ್ಳೆ ಈಗ್ಲೂ ಕಾಲಲ್ಲಿದ್ಯಾ ಸ್ವಾಮಿ?"

"ಇಲ್ಲ. ಅದು ಯಾವಾಗ್ಲೋ ಹೋಯ್ತು. ಮೊದಲು ನಾವೂ ಗುಳ್ಳೆ ಹೋಗಿ ರಕ್ತನಾಳಕ್ಕೆ ಅಡ್ಡ ಕೂರುತ್ತೆ, ಅಷ್ಟೇ ಕತೆ ಅಂತ ತಿಳ್ಕೊಂಡಿದ್ವಿ. ಈಗ ಓದ್ತಾ ಇದ್ರೆ ಅದು ಬರೀ ಶುರು ಅನ್ನಿಸುತ್ತೆ. ಗುಳ್ಳೆ ಕಂಡ ಕೂಡಲೆ ರಕ್ತ ಅದನ್ನ ಶತ್ರು ಅಂತ ತಿಳ್ಕೊಂಡು ಮೈಮೇಲೆ ಬೀಳುತ್ತೆ. ಅದರ ಸುತ್ತ ಹೆಪ್ಪುಗಟ್ಟಿ ಗರಣೆ ಆಗುತ್ತೆ. ನಾಳದ ಗೋಡೆ ಗಾಯ ಆಗಿ ನೀರು ಜಿನುಗುತ್ತೆ, ಊದ್ಕೊಳ್ಳುತ್ತೆ, ಉರಿಯುತ್ತೆ. ಉರಿಯೂತ ಅಂತಾರೆ ಇದಕ್ಕೆ. ಕಳ್ಳ ಬಂದ ಅಂತ ಊರಿಗೆ ಊರೇ ದೊಣ್ಣೆ ಹಿಡ್ಕೊಂಡು ಎದ್ದು, ಕಳ್ಳ ಓಡಿಹೋದ್ಮೇಲೂ ಕತ್ತಲಲ್ಲಿ ಒಬ್ಬರಿಗೊಬ್ಬರು ಬಡಿದಾಡ್ಕೊಂಡ ಹಾಗೆ. ಇವರಿಗೆ ಆ ಬಡಿದಾಟ ನಡೆದದ್ದು ಬೆನ್ನುಹುರಿಯಲ್ಲಿ. ಸೂಕ್ಷ್ಮದ ಜಾಗ."

ಯಲ್ಲಮ್ಮನಿಗೆ ಅರ್ಥವಾಯಿತು. ಹಾಲು ಕಟ್ಟಿ ಎದೆ ಬಾತ ಎಷ್ಟೋ ಬಾಣಂತಿಯರನ್ನು ಅವಳು ನೋಡಿದ್ದಳು. ಕಟ್ಟಿದ ಹಾಲು ಹಿಂಡಿ ತೆಗೆದರೂ ಕೆಲವರಿಗೆ ಕೆಂಪು, ಕಾವು, ಜ್ವರ ಬಿಡುತ್ತಿರಲಿಲ್ಲ. ಕೆಲವರಿಗೆ ಬರುತ್ತಲೇ ಇರಲಿಲ್ಲ.

"ಇವ್ರ ಜೊತೆ ಅದೇ ಕೋಣೇಲಿ ಇದ್ದೋರ್ಗೂ ಹಿಂಗಾಯ್ತಾ?"

ಡಾಕ್ಟರು ದಾಸಪ್ಪನನ್ನು ನೋಡಿದರು. "ಇನ್ಯಾರ್ಗೂ ಆಗ್ಲಿಲ್ಲ ಸ್ವಾಮಿ," ಎಂದ ಅವನು.

"ನೋಡಿ, ಅದೇ. ಒಬ್ಬರ ಮೈ ಸುಮ್ಮನಿರುತ್ತೆ, ಒಬ್ಬರ ಮೈ ದಂಗೆ ಏಳುತ್ತೆ. ಯಾಕೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ."

ಯಲ್ಲಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಎಣ್ಣೆ ತಿಕ್ಕಿ ಸುಡೋ ನೀರು ಹಾಕಿದ್ನಲ್ಲ ಸ್ವಾಮಿ. ಅದ್ರಿಂದ ಹಿಂಗಾಯ್ತಾ?"

ಡಾಕ್ಟರು ಕನ್ನಡಕ ತೆಗೆದರು. ಸಮಾಧಾನಕ್ಕೆ ಸುಳ್ಳು ಹೇಳುವ ಜಾತಿಯವರಲ್ಲ ಅವರು. "ಆ ದಿನ ಬಿಸಿನೀರು, ಉಜ್ಜೋದು ಎರಡೂ ಆಗಬಾರದಿತ್ತು. ಸ್ವಲ್ಪ ಹೆಚ್ಚು ಮಾಡಿರಬಹುದು, ಎಷ್ಟು ಅಂತ ಯಾರೂ ಹೇಳೋಕಾಗಲ್ಲ. ಆದರೆ ಮಂಡಿ ನೋವು ಘಾಟಿಯಲ್ಲೇ ಶುರುವಾಗಿತ್ತು ಅಲ್ವಾ? ಅಂದ್ರೆ ನಿಮ್ಮ ಬಚ್ಚಲಿಗೆ ಬರೋ ಹೊತ್ತಿಗೇ ಕಾಯಿಲೆ ಒಳಗಿತ್ತು. ನಿಮ್ಮ ಕೈ ಅದನ್ನ ತಂದಿಲ್ಲ. ಬಾಣಂತಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಮಗಳಿಗೆ ಧಾರಾಳವಾಗಿ ಹಾಕಿ. ಏನಪ್ಪಾ ದಾಸಪ್ಪ, ಸೈಟಲ್ಲಿ ಯಾರೂ ಹೇಳಿರ್ಲಿಲ್ವಾ? ಮೇಲೆ ಬಂದ ದಿನ ಘಾಟಿ ಹತ್ತಬೇಡಿ, ಬಿಸಿನೀರು ಸ್ನಾನ ಬೇಡ, ನೋವು ಬಂದ್ರೆ ತಕ್ಷಣ ವಾಪಸ್ ಬನ್ನಿ, ಮತ್ತೆ ಒತ್ತಡಕ್ಕೆ ಹಾಕ್ತೀವಿ ಅಂತ?"

ದಾಸಪ್ಪ ನೆಲ ನೋಡಿದ. "ಹೇಳಿದ್ರು ಸ್ವಾಮಿ."

ಒಳಗೆ ಎಲ್ಲೋ ಕುಕ್ಕರ್ ಕೂಗಿತು. ಸೀತಾಲಕ್ಷ್ಮಿ ಕಾಫಿ ತಂದುಕೊಟ್ಟರು. ಯಲ್ಲಮ್ಮ ಕುಡಿದಳು. ರುಚಿ ತಿಳಿಯಲಿಲ್ಲ.

ದಾರಿಯಲ್ಲಿ ಅವಳು ಏನೂ ಕೇಳಲಿಲ್ಲ. ಸಿಟ್ಟು ಬರಬಹುದೆಂದು ಕಾದಳು, ಬರಲಿಲ್ಲ. ಮೈಯೆಲ್ಲ ಸೋತು ಹೋಗಿತ್ತು, ಅಷ್ಟೇ. ಹನ್ನೊಂದು ವರ್ಷ ಹೊತ್ತದ್ದನ್ನು ಒಂದು ಮಾತಿನಲ್ಲಿ ಇಳಿಸಿಬಿಟ್ಟರೆ ಹೆಗಲಿಗೆ ಹಗುರವಾಗಬೇಕಲ್ಲ, ಆಗಲಿಲ್ಲ. ಮನೆ ಬಾಗಿಲಿಗೆ ಬಂದ ಮೇಲೆ ಒಂದೇ ಮಾತು ಹೇಳಿದಳು. "ಅಂಕಮ್ಮನಿಗೆ ನೀನೇ ಹೇಳ್ಬೇಕು."

ಮುನಿಲಕ್ಷ್ಮಿಗೆ ಗಂಡು ಮಗುವಾಯಿತು. ಮೊದಲ ನೀರಿನ ದಿನ ಅಂಕಮ್ಮ ಬೆಳಿಗ್ಗೆಯೇ ಬಂದಿಳಿದಳು. ಜೊತೆಯಲ್ಲಿ ನೀರು ಹಾಕಲು ತಾನೇ ಗೊತ್ತು ಮಾಡಿದ ಹೆಂಗಸೊಬ್ಬಳು. ದಾಸಪ್ಪ ಕೋಲೂರಿ ಎದ್ದು ನಿಂತು, ಒಪ್ಪಿಸುವಂತೆ ಎಲ್ಲವನ್ನೂ ಹೇಳಿದ. ಅವಸರದಲ್ಲಿ ಮೇಲೆ ಬಂದದ್ದು, ಘಾಟಿ ಹತ್ತಿದ್ದು, ಬೇಡವೆಂದು ಹೇಳಿದ್ದರೂ ಬಿಸಿನೀರಿಗೆ ಕೂತದ್ದು, ಇಷ್ಟು ದಿನ ಬಾಯಿ ಬಿಡದೆ ಇದ್ದದ್ದು. ಅವನ ಜೀವಮಾನದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲಿರಬೇಕು.

ಅಂಕಮ್ಮ ಎಲೆಯಡಿಕೆ ಅಗಿಯುತ್ತ ಪೂರ್ತಿ ಕೇಳಿದಳು. "ಇರ್ಲಿ ಬುಡಿ ಅಣ್ಣ. ಕಟ್ಕೊಂಡೋಳ ಮಾನ ಗಂಡ ಕಾಪಾಡ್ದೆ ಇನ್ಯಾರು ಕಾಪಾಡ್ತಾರೆ? ಆದ್ರೆ ನಿಮ್ಮವ್ವ ಸಪ್ಪಲಮ್ಮ ಕಣ್ಣಾರೆ ಕಂಡಿದ್ದನ್ನ ನಾನು ಕಿವಿಯಾರೆ ಕೇಳಿವ್ನಿ," ಎಂದಳು.

ದಾಸಪ್ಪ ಮತ್ತೆ ಬಾಯಿ ತೆರೆದ. ಯಲ್ಲಮ್ಮ ಸಾಕು ಎಂದು ಕೈ ಅಡ್ಡ ಮಾಡಿದಳು. ಗುಳ್ಳೆ ಹೋದ ಮೇಲೂ ಉರಿ ಆರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಮೈಗೆ ಮಾತ್ರ ಅಲ್ಲವೆಂದು ಅವಳಿಗೆ ಆಗ ತೋರಿತು. ವಾದ ಮಾಡಲು ಅವಳಲ್ಲಿ ಶಕ್ತಿ ಇರಲಿಲ್ಲ. ಅಂಕಮ್ಮ ಕರೆತಂದ ಹೆಂಗಸಿಗೆ ಬಚ್ಚಲು ತೋರಿಸಲು ಹೊರಟಳು.

ಹೋಗಿ ನೋಡಿದರೆ ಮುನಿಲಕ್ಷ್ಮಿ ಆಗಲೇ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕೂದಲು ಬಿಚ್ಚಿ ಕೂತಿದ್ದಳು. "ಬೇರೆ ಯಾರಾದ್ರೂ ಒಳಗೆ ಬಂದ್ರೆ ಚೊಂಬಲ್ಲಿ ಹೊಡೀತೀನಿ," ಎಂದಳು. ಹೊಸಬಳು ಅಲ್ಲೇ ನಿಂತಳು. ಯಲ್ಲಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಎಣ್ಣೆಯನ್ನು ಅಂಗೈಗೆ ಹೊಯ್ದುಕೊಂಡಳು. ಮಗಳ ಬೆನ್ನಿಗೆ ಕೈಯಿಟ್ಟಳು. ಬೆರಳು ಸೆಟೆದುಕೊಂಡವು. ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡೇ ಕೂತಳು. ಆಮೇಲೆ ಹೆಬ್ಬೆರಳು ತಾನೇ ದಾರಿ ಹುಡುಕಿಕೊಂಡು ಬೆನ್ನಿನ ಎರಡೂ ಬದಿಗೆ ಇಳಿಯಿತು. ಯಲ್ಲಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಬೆಯಲ್ಲಿ ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ. ಆಮೇಲೆ ಕೂಸನ್ನೂ ಮೀಯಿಸಿದಳು. ಅಂಕಮ್ಮ ಮುಖ ಊದಿಸಿಕೊಂಡು, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದಳು.

ತಾಯಿ ಮಗು ಮಲಗಿದ ಮೇಲೆ ಯಲ್ಲಮ್ಮ ಹಿತ್ತಲ ಜಗಲಿಗೆ ಬಂದು ಗಂಡನ ಪಕ್ಕ ಕೂತಳು. ಬಿಸಿಲು ಇಳಿಯುತ್ತಿತ್ತು. ಕೇಳಬೇಕಾದ್ದನ್ನು ಆಗ ಕೇಳಿದಳು.

"ಬಚ್ಚಲಲ್ಲಿ ಯಾಕೆ ಹೇಳ್ಲಿಲ್ಲ, ಬೇಡ ಅಂತ?"

"ಎಷ್ಟೋ ತಿಂಗಳ ಮೇಲೆ ಮನೇಗ್ ಬಂದಿದ್ದೆ. ನೀನು ಎಣ್ಣೆ ಹಚ್ತಾ ಇದ್ದೆ. ಹಿತವಾಗಿತ್ತು. ಏನಾಯ್ತದೆ ಬುಡು ಅಂದ್ಕೊಂಡೆ."

"ಅದು ಸರಿ. ಆಮೇಲೆ? ನಿಮ್ಮವ್ವ ಬೀದೀಲಿ ನನ್ನ ಮಾನ ಕಳೀವಾಗ್ಲೂ ಸುಮ್ನೆ ಕೂತಿದ್ಯಲ್ಲ."

ದಾಸಪ್ಪ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ. "ಮೊದ್ಲು ಕೆಲಸ ಹೋಯ್ತದೆ ಅಂತ ಹೆದರ್ಕೊಂಡೆ. ಆಮೇಲೆ ಕೆಲಸ ಹೆಂಗೂ ಹೋಯ್ತು. ಕಾಲಿಲ್ದೋನು ಅಂತ ಆದ್ಮೇಲೆ ಬೇರೆ ಭಯ ಬಂತು. ನಿನ್ನ ತಪ್ಪೇನಿಲ್ಲ ಅಂತ ಗೊತ್ತಾದ್ರೆ ನೀನ್ಯಾಕೆ ನನ್ನ ಜೊತೆ ಇರ್ತೀಯ ಅನ್ನಿಸ್ತು."

ಯಲ್ಲಮ್ಮ ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಕಾಲೊತ್ತಿದ್ದು, ಸ್ನಾನಕ್ಕೆ ಹಿಡಿದು ನಡೆಸಿದ್ದು, ಮಳೆ ಬಂದರೆ ನೋವು ಹೆಚ್ಚೀತೆಂದು ಕೆಲಸ ಬಿಟ್ಟು ಓಡಿಬಂದದ್ದು ಎಲ್ಲ ಅವಳ ಕಣ್ಣ ಮುಂದೆ ಹಾದುಹೋಯಿತು.

"ನಾನು ದಂಡ ಕಟ್ತಾ ಇದ್ದೀನಿ ಅಂತ ತಿಳ್ಕೊಂಡಿದ್ಯಾ?" ಎಂದಳು. "ತಪ್ಪು ನಂದೇ ಅಂತ ನಂಬಿದ್ದೆ, ನಿಜ. ನಿನ್ನ ನೋಡ್ಕೊಂಡಿದ್ದು ಅದಕ್ಕಲ್ಲ ಕಣಯ್ಯ."

ಒಳಗೆ ಕೂಸು ಅತ್ತಿತು. ಯಲ್ಲಮ್ಮ ಏಳಲು ಹೋದಾಗ ಸೊಂಟ ಹಿಡಿದುಕೊಂಡಿತು. ದಾಸಪ್ಪ ಆಸರೆಗೆಂದು ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು.